ಬಲಚಕ್ರದ ಬಟ್ಟಲು

ಮಧ್ಯಾಹ್ನದ ಊಟವಾದ ಮೇಲೆ ತೆಂಗಿನ ತೋಟದಲ್ಲಿ ಒಂದು ಹೊತ್ತು ಬರುತ್ತದೆ. ಗರಿಗಳ ನೆರಳು ಹೋಗಿ ಬಂದು, ಹೋಗಿ ಬಂದು, ನೋಡುತ್ತ ಕೂತವನಿಗೆ ನೆಲವೇ ಮೆಲ್ಲಗೆ ತೂಗಿದ ಹಾಗೆ ಕಾಣುತ್ತದೆ. ನಾನು ಮೊದಲಿನಿಂದಲೂ ಹಗಲುಗನಸಿನವನು. ಆ ಹೊತ್ತಿನಲ್ಲಿ ನನಗೆ ಎಚ್ಚರ ಎಷ್ಟು, ನಿದ್ದೆ ಎಷ್ಟು ಎಂದು ಕೇಳಿದರೆ ಹೇಳಲಾರೆ. ಆದರೆ ನಮ್ಮ ಹಳೆಯ ಜೀಪುಗಾಡಿಯ ಮುಂದಿನ ಆಕ್ಸಲ್ ಬಿಚ್ಚಿದ ಆ ಮಧ್ಯಾಹ್ನ ಮಾತ್ರ ಒಂದೊಂದು ನಟ್ಟಿನ ಸಮೇತ ನೆನಪಿದೆ. ಅಂದು ನಾನು ಅಣ್ಣನಿಗೆ ಸುಳ್ಳು ಹೇಳಿದೆ.

ಅಣ್ಣ ತರೀಕೆರೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಮೆಕ್ಯಾನಿಕ್. ನಾಲ್ಕೂ ಚಕ್ರ ಎಳೆಯುವ ಗಾಡಿಗಳೆಂದರೆ ಅವನಿಗೆ ಪ್ರಾಣ. ಹೆಬ್ಬೆಯ ಕಲ್ಲುದಾರಿಯಲ್ಲಿ ಜಲಪಾತ ನೋಡುವವರನ್ನು ಹೊತ್ತು ಹೊತ್ತು ಸೊರಗಿದ ಜೀಪುಗಳು ಕೊನೆಗೆ ಅವನ ಬಾಗಿಲಿಗೇ ಬರುತ್ತಿದ್ದವು. ಎರಡು ವರ್ಷದ ಹಿಂದೆ ಅವನಿಗೆ ಲಕ್ವ ಹೊಡೆಯಿತು. ಗ್ಯಾರೇಜಿಗೆ ಬೀಗ ಹಾಕಿ, ಅತ್ತಿಗೆ ಅವನನ್ನು ಬುಕ್ಕಾಂಬುಧಿಯ ಹತ್ತಿರದ ನಮ್ಮ ತೋಟದ ಮನೆಗೆ ಕರೆದುಕೊಂಡು ಬಂದರು. ಮಾತು ಮರಳಿತು, ಕಾಲು ಎಳೆದುಕೊಂಡಾದರೂ ನಡೆಯಿತು. ಬಲಗೈ ಮಾತ್ರ ಬರಲಿಲ್ಲ. ಏಳು ತಿಂಗಳು ಅವನು ಕುರ್ಚಿಯಲ್ಲಿ ಕೂತು ಕೆರೆಯ ಕಡೆ ನೋಡಿದ. ಕೆರೆಯಲ್ಲಿ ಏನು ಕಾಣುತ್ತಿತ್ತೋ ಅವನನ್ನೇ ಕೇಳಬೇಕು.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಹೇಳಿದ: "ಗುರುವಾರ ತರೀಕೆರೆಗೆ ಕರ್ಕೊಂಡ್ ಹೋಗೋ. ಗ್ಯಾರೇಜ್ ಖಾಲಿ ಮಾಡಿ ಓನರ್‌ಗೆ ಕೀ ಕೊಟ್ಬಿಡ್ತೀನಿ."

ಅವನು ಆಚೆ ಹೋದ ಮೇಲೆ ಅತ್ತಿಗೆ ಲೋಟ ಎತ್ತಿಕೊಳ್ಳುತ್ತ ನನ್ನ ಮುಂದೆ ನಿಂತರು. "ಕೀ ಕೊಟ್ರೆ ಇವ್ರು ಮತ್ತೆ ಮೇಲೇಳಲ್ಲ ಕಣಪ್ಪ. ಏನಾರ ಮಾಡು."

ನನಗೆ ಹೊಳೆದದ್ದು ನನ್ನ ಗಾಡಿ. ಅದೂ ಒಂದು ಕಾಲಕ್ಕೆ ಹೆಬ್ಬೆಯ ದಾರಿ ಹತ್ತಿಳಿದದ್ದೇ. ಈಗ ಕಾಯಿ ಹೇರಿಕೊಂಡು ಕಡೂರಿಗೋ ಅಜ್ಜಂಪುರಕ್ಕೋ ಹೋಗಿ ಬರುವುದಷ್ಟೇ ಅದರ ಕೆಲಸ. ತಿರುವಿನಲ್ಲಿ ಮುಂದಿನ ಚಕ್ರದಿಂದ ಕಟಕಟ ಎಂದು ಹಲ್ಲು ಕಡಿಯುವ ಸದ್ದು ಬರುತ್ತಿತ್ತು. ಆ ಚಕ್ರಗಳನ್ನು ತಿರುಗಿಸುವ ಆಕ್ಸಲ್ ಸವೆದಿತ್ತು, ಹೊಸದು ಎಲ್ಲೂ ಸಿಗುವುದಿಲ್ಲ. ಹೋಗಿ ಅಣ್ಣನ ಮುಂದೆ ನಿಂತೆ.

"ಇನ್ನು ಬೆಟ್ಟ ಹತ್ತೋದೇನಿದೆ? ಮುಂದಿಂದು ಬಿಚ್ಚಿ ಟೂ ವೀಲ್ ಮಾಡ್ಬಿಡಾಣ. ಹಿಂದಿನ ಎರಡು ಚಕ್ರ ಎಳೆದ್ರೆ ಸಾಲ್ದಾ?"

ಅವನ ಮುಖದಲ್ಲಿ ಅಷ್ಟು ದಿನ ಮಲಗಿದ್ದದ್ದೇನೋ ಎದ್ದು ಕೂತಿತು. "ಬಾಯಿ ನಂದು, ಕೈ ನಿಂದು. ಹೇಳ್ದಷ್ಟೇ ಮಾಡ್ಬೇಕು," ಎಂದ.

ಕೆಲಸ ಶುರುವಾಯಿತು. ಗಾಡಿಯ ಮೂತಿಯನ್ನು ಜಾಕಿಗೆ ಏರಿಸಿ ಎಡಚಕ್ರ ಬಿಚ್ಚಿದೆವು. ಆಕ್ಸಲ್ ಎಂದರೆ ಒಂದು ದಪ್ಪ ಸರಳು. ಒಳತುದಿ ಗೇರಿನ ಕಡೆ ಸೇರಿಕೊಳ್ಳುತ್ತದೆ, ಹೊರತುದಿ ಚಕ್ರದ ಕಡೆಗೆ. ಹೊರತುದಿಯಲ್ಲಿ ಮುಷ್ಟಿಗಾತ್ರದ ಒಂದು ಉಕ್ಕಿನ ಬಟ್ಟಲು, ಅದರ ಬೆನ್ನಿಗೆ ಚಕ್ರದ ನಡುವೆ ತೂರುವ ಗಿಡ್ಡ ಬಾಲ. ಬಟ್ಟಲಿನೊಳಗೆ ಪಂಜರ, ಪಂಜರದ ಒಂದೊಂದು ಕಿಟಕಿಯಲ್ಲಿ ಒಂದೊಂದು ಗುಂಡು, ಒಟ್ಟು ಆರು. ಮೇಲೆ ಮುಸುಕಿನ ಹಾಗೆ ರಬ್ಬರಿನ ಬೂಟು. ಅದನ್ನು ಕೊಯ್ದಾಗ ಕರೀ ಗ್ರೀಸು ನಿಧಾನವಾಗಿ ಇಳಿದು ನನ್ನ ಮೊಣಕೈವರೆಗೂ ಬಂತು. ಪಂಜರವನ್ನು ಓರೆ ಮಾಡಿ ಒಂದೊಂದೇ ಗುಂಡನ್ನು ಈಚೆಗೆ ತೆಗೆದು ಡೀಸೆಲ್ಲಿನಲ್ಲಿ ತೊಳೆದೆ. ಗುಂಡುಗಳೆಲ್ಲ ಬಂದ ಮೇಲೆ ಸರಳು ಬಟ್ಟಲಿನಿಂದ ಬಿಡಿಸಿಕೊಂಡಿತು. ಆರೂ ಗುಂಡುಗಳಲ್ಲಿ ತೋಟವೆಲ್ಲ ಪುಟ್ಟದಾಗಿ ಬಗ್ಗಿ ಕಾಣುತ್ತಿತ್ತು. ಅದನ್ನೇ ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ.

"ಲೇ, ಎದ್ದಿದ್ದೀಯೇನೋ? ಖಾಲಿ ಬಟ್ಲು ವಾಪಸ್ ಚಕ್ರಕ್ಕೆ ಕೂರ್ಸು. ಅದರ ಬಾಲ ತೂರ್ಸಿ ನಟ್ ಬಿಗಿ ಮಾಡ್ಬೇಕು. ಬೇರಿಂಗ್ ಹಿಡ್ಕೊಂಡಿರೋದೇ ಅದು. ಅದಿಲ್ದೆ ಓಡ್ಸಿದ್ರೆ ಚಕ್ರ ನಿನ್ನ ಬಿಟ್ಟು ಮುಂದಕ್ ಹೋಗುತ್ತೆ."

ಎಡಗಡೆ ಹಾಗೇ ಮಾಡಿದೆ. ಬಲಗಡೆಯ ಸರದಿ ಬರುವ ಹೊತ್ತಿಗೆ ಅಣ್ಣ ಸುಸ್ತಾಗಿ ಒಳಗೆ ಹೋಗಿ ಮಲಗಿದ. ಬಲಗಡೆಯದು ಒಳತುದಿಯಿಂದ ಸಲೀಸಾಗಿ ಕಳಚಿಕೊಂಡಿತು. ಹೊರಬಟ್ಟಲಿನ ಗುಂಡುಗಳು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸುತ್ತಿಗೆಯಲ್ಲಿ ಬಡಿದೆ, ಬೈದೆ, ಬೆರಳು ಜಜ್ಜಿಕೊಂಡೆ. ನನ್ನ ಕೋಪ ಕೆಲಸಕ್ಕೆ ಬಾರದ್ದು, ಬೇಗ ಬಂದು ಬೇಗ ಸುಸ್ತಾಗುತ್ತದೆ. ಆಕ್ಸಲನ್ನು ಮರಕ್ಕೆ ಒರಗಿಸಿ ನೋಡುತ್ತ ಕೂತೆ. ನೆರಳು ಹೋಗಿ ಬರುತ್ತಿತ್ತು. ನೋಡುತ್ತ ನೋಡುತ್ತ ಆ ಸರಳು ಕಾಯಿ ಸುಲಿಯುವ ಹಾರೆಯಾಯಿತು.

ತೆಂಗಿನ ಸೀಮೆಯವರ ಕಣ್ಣೇ ಹಾಗೆ. ಗಟ್ಟಿ ಕಬ್ಬಿಣ ಕಂಡರೆ ಸಾಕು, ನೆಲಕ್ಕೆ ನೆಟ್ಟು ಅದರ ತುದಿಗೆ ಕಾಯಿ ಚುಚ್ಚಿ ಸಿಪ್ಪೆ ತೆಗೆಯುವುದೇ ಕಾಣುತ್ತದೆ. ನಮ್ಮ ಹಳೆಯ ಹಾರೆ ಬುಡದಲ್ಲಿ ಅಲ್ಲಾಡುತ್ತಿತ್ತು. ಇದಕ್ಕೋ ಬುಡದಲ್ಲೇ ಭಾರದ ಬಟ್ಟಲು. ಹೂತುಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಅಲುಗದು. ಅಜ್ಜಂಪುರದ ಕುಲುಮೆಯಲ್ಲಿ ತುದಿಗೆ ಮೊನೆ ಮಾಡಿಸಿದರಾಯಿತು. ಹೀಗೆಂದುಕೊಂಡು ಅದನ್ನು ಇಡಿಯಾಗಿ ಗಾಡಿಯ ಹಿಂದೆ ಗೋಣಿಚೀಲಗಳ ಕೆಳಗೆ ತಳ್ಳಿದೆ. ಬಟ್ಟಲಿನ ಬಾಲ ಇರಬೇಕಿದ್ದ ಖಾಲಿ ತೂತಿಗೆ ಮುಚ್ಚಳ ಬಡಿದು ಚಕ್ರ ಹಾಕಿದೆ. ಇಷ್ಟು ದಪ್ಪ ಚಕ್ರ ಒಂದು ಬಟ್ಟಲಿಲ್ಲದೆ ಬಿದ್ದುಹೋಗುತ್ತದೆಯೇ, ಅಣ್ಣನದು ಅತಿ ಜಾಗ್ರತೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಣ್ಣ ಎದ್ದು ಬಂದ. "ಬಲಗಡೆ ಬಟ್ಲು ಕೂರಿಸ್ದಾ?"

"ಕೂರಿಸ್ದೆ."

ಅವನು ನನ್ನ ಕರೀ ಕೈಗಳನ್ನು ನೋಡಿ ನಕ್ಕ. ಏಳು ತಿಂಗಳಲ್ಲಿ ಅದೇ ಮೊದಲು. "ಕೈ ಪಳಗ್ತು ಕಣೋ. ನಂದೇ ವಾಪಸ್ ಬಂದಂಗಾಯ್ತು." ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಗಲೇ ನಿಜ ಹೇಳಬೇಕಿತ್ತು. ಆ ನಗು ಹೋಗಿಬಿಡುತ್ತದೆಂದು ಹೆದರಿ ಕೈ ತೊಳೆಯಲು ಹೋದೆ.

ಗುರುವಾರ ಹೊರಟೆವು. ಗಾಡಿ ಹಗುರವಾಗಿ ಓಡಿತು, ಕಟಕಟ ಸದ್ದು ಇಲ್ಲ. ಕೆರೆಯ ನೀರಿನ ಮೇಲೆ ಬೆಳಗಿನ ಮಂಜು ಇನ್ನೂ ಎದ್ದಿರಲಿಲ್ಲ. ಬೆಳ್ಳಕ್ಕಿಗಳು ಮಂಜಿನೊಳಗಿಂದ ಬಂದು ಮಂಜಿನೊಳಗೇ ಹೋಗುತ್ತಿದ್ದವು. ಬೇರೆ ದಿನವಾಗಿದ್ದರೆ ನಾನೂ ಅವುಗಳ ಹಿಂದೆ ಹೋಗಿಬಿಡುತ್ತಿದ್ದೆ. ಅಂದು ಕಳ್ಳನ ಮನಸ್ಸು ಹುಳ್ಳುಳ್ಳಗೆ, ಕಿವಿಯೆಲ್ಲ ಬಲಚಕ್ರದ ಮೇಲೆ. ಅಣ್ಣ ಪಕ್ಕದಲ್ಲಿ ಗ್ಯಾರೇಜಿನ ಕೀ ಹಿಡಿದುಕೊಂಡು ಕೂತಿದ್ದ.

ಏರಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಎಲ್ಲೋ ಜೇನು ಗುಂಯ್‌ಗುಟ್ಟಿದಂತೆ ಆಯಿತು. ನನಗೆ ಅದು ಕನಸಿನದೋ ಗಾಡಿಯದೋ ತಿಳಿಯುವ ಮೊದಲೇ ಅಣ್ಣ ಎಡಗೈಯಲ್ಲಿ ನನ್ನ ತೋಳು ಹಿಡಿದ.

"ನಿಲ್ಸು. ಬ್ರೇಕ್ ಜೋರಾಗಿ ಒತ್ತಬೇಡ. ಮೆಲ್ಲಗೆ ನಿಲ್ಸು."

ಇಳಿದು ಜಾಕಿ ಕೊಟ್ಟೆ. ಅವನು ಎಡಗೈಯಲ್ಲಿ ಟಯರಿನ ತಲೆ ಹಿಡಿದು ಅಲುಗಿಸಿದ. ಚಕ್ರ ಮಗುವಿನ ಹಾಲುಹಲ್ಲಿನ ಹಾಗೆ ಅತ್ತಿತ್ತ ಆಡಿತು. ಮುಚ್ಚಳ ಕೀಳಿಸಿದ. ತೂತಿನ ಆಚೆ ಬೆಳಕು ಕಂಡಿತು. ಅವನು ನನ್ನ ಕಡೆ ತಿರುಗಿದ.

"ಎಲ್ಲಿಟ್ಟಿದ್ದೀಯಾ?"

ಗೋಣಿಚೀಲ ಸರಿಸಿ ಆಕ್ಸಲ್ ತಂದು ಅವನ ಮುಂದೆ ಹಿಡಿದೆ. "ಕಾಯಿ ಸುಲಿಯೋ ಹಾರೆ ಮಾಡ್ಸಾಣ ಅಂತ..." ನಮ್ಮ ಕಡೆಯವರು ಯಾರಾದರೂ ಈ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ಅಣ್ಣ ನಗಲಿಲ್ಲ, ಬೈಯಲೂ ಇಲ್ಲ.

"ನಿನ್ ಕೈನ ನನ್ ಕೈ ಅಂದ್ಕೊಂಡಿದ್ದೆ ಕಣೋ. ನನ್ ಕೈ ನಂಗೆ ಯಾವತ್ತೂ ಸುಳ್ಳು ಹೇಳಿರ್ಲಿಲ್ಲ."

ರಸ್ತೆಯ ಪಕ್ಕ ಕೂತು ಬಟ್ಟಲನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡ. ಬೇಲಿಯಿಂದ ಒಂದು ಮರದ ತುಂಡು ತೆಗೆದುಕೊಂಡು, ಎಡಗೈಯಲ್ಲಿ ಪಂಜರದ ಅಂಚಿಗೆ ಮೆತ್ತಗೆ ಕುಟ್ಟಿದ. ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಪಂಜರ ಓರೆಯಾಗಿ ಮೊದಲ ಗುಂಡು ಅವನ ಮಡಿಲಿಗೆ ಬಿತ್ತು. ಉಳಿದವೂ ಬಂದವು. ನಾನು ಸಹಾಯಕ್ಕೆ ಕೈ ಚಾಚಿದರೆ ಅವನು ನೋಡಲೇ ಇಲ್ಲ. "ಗೋಣಿಚೀಲ ಹಾಸು," ಎಂದ. ಕಾಲೆಳೆದುಕೊಂಡು, ಬೆನ್ನ ಮೇಲೆ ಜಾರಿ ಗಾಡಿಯ ಕೆಳಗೆ ಹೋದ. ಏಳು ತಿಂಗಳು ಕುರ್ಚಿ ಬಿಡದವನು ಬಟ್ಟಲಿನ ಬಾಲವನ್ನು ತಾನೇ ಹಿಂದಿನಿಂದ ತೂರಿಸಿದ. ನಾಚಿಕೆಗೆ ಅತ್ತೆನೋ ಸಂತೋಷಕ್ಕೆ ಅತ್ತೆನೋ ಗೊತ್ತಿಲ್ಲ, ಅತ್ತದ್ದು ನಿಜ. ನಟ್ ಬಿಗಿ ಮಾಡುವಾಗ ಪಾನಾದ ಹಿಡಿಗೆ ಸಿಕ್ಕಿಸಿದ ಉದ್ದ ಪೈಪಿನ ಮೇಲೆ ಭಾರಕ್ಕೆ ಹತ್ತಿ ನಿಲ್ಲಲು ಮಾತ್ರ ನನ್ನನ್ನು ಕರೆದ.

ತರೀಕೆರೆ ಮುಟ್ಟಿದೆವು. ಅವನೇ ಬೀಗ ತೆಗೆದ. ಷಟರ್ ಎತ್ತಿದಾಗ ಒಳಗಿನಿಂದ ಹಳೆಯ ಗ್ರೀಸಿನ ವಾಸನೆ ಬಂತು. ಅವನು ಅದನ್ನು ಮೂಗಿನ ತುಂಬ ಎಳೆದುಕೊಂಡ. ಸಾಮಾನು ತುಂಬಲೇ ಎಂದು ಕೇಳಿದೆ.

"ಬೇಡ. ಗಾಡಿ ಒಳಕ್ ತಗೋ. ಎಡಗಡೆದೂ ನೋಡ್ಬೇಕು."

ಈಗ ಗ್ಯಾರೇಜು ಅರ್ಧ ದಿನ ತೆರೆದಿರುತ್ತದೆ. ತೋಟದ ಕೆಲಸವಿಲ್ಲದ ದಿನಗಳಲ್ಲಿ ನಾನು ಹೋಗುತ್ತೇನೆ. ಅವನು ಹೇಳುತ್ತಾನೆ, ನಾನು ಮಾಡುತ್ತೇನೆ. ನನ್ನ ಕೈ ಈಗ ನಿಜಕ್ಕೂ ಪಳಗಿದೆ, ಒಂದು ನಟ್ಟನ್ನೂ ಸಡಿಲ ಬಿಟ್ಟಿಲ್ಲ. ಆದರೂ ಮಾಡಿದೆಯಾ ಎಂದು ಅವನು ನನ್ನನ್ನು ಕೇಳುವುದಿಲ್ಲ. ಪ್ರತಿ ಸಲವೂ ಗೋಣಿಚೀಲ ಹಾಸಿಕೊಂಡು, ಕಷ್ಟಪಟ್ಟು ನೆಲಕ್ಕೆ ಇಳಿದು, ಎಡಗೈಯಲ್ಲಿ ಒಂದೊಂದನ್ನೇ ಮುಟ್ಟಿ ನೋಡುತ್ತಾನೆ. ಹಾಗೆ ಬಗ್ಗಿ ಎದ್ದೇ ಮೈ ಚೇತರಿಸಿಕೊಂಡಿತು ಎಂದು ಅತ್ತಿಗೆ ಊರಿಗೆಲ್ಲ ಹೇಳುತ್ತಾರೆ, ನನ್ನನ್ನು ಹೊಗಳುತ್ತಾರೆ. ಅವನು ಏಳುವಾಗ ನಾನು ಕೈ ಕೊಡುತ್ತೇನೆ. ಅವನು ಬಂಪರ್ ಹಿಡಿದುಕೊಂಡು ಏಳುತ್ತಾನೆ.