ಏಳೂವರೆ ಬಸ್ಸು ಅವನೊಬ್ಬನದಲ್ಲ

ಅವನು ಕೈಕೊಟ್ಟ ಆ ಮೊದಲ ವಾರಗಳಲ್ಲಿ ನಾನು ಮಾಡಿದ ದೊಡ್ಡ ದಡ್ಡತನವೆಂದರೆ ಬಸ್ಸನ್ನೂ ಅವನಿಗೇ ಬಿಟ್ಟುಕೊಟ್ಟದ್ದು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೊರಡುವ ಏಳೂವರೆ ಬಸ್ಸು ಅದು. ಅವನು ಗುಂಡ್ಲುಪೇಟೆಯಲ್ಲೇ ಹತ್ತಿ, ಪಕ್ಕದ ಸೀಟಿಗೆ ಕರ್ಚೀಫು ಹಾಕಿ ನನಗೆ ಜಾಗ ಹಿಡಿದಿರುತ್ತಿದ್ದ. ನಾನು ತೆರಕಣಾಂಬಿಯಲ್ಲಿ ಹತ್ತಿ ರಾಣಿಯ ಹಾಗೆ ಹೋಗಿ ಕೂರುತ್ತಿದ್ದೆ. ಎರಡು ವರ್ಷ ಹಾಗೇ ನಡೆಯಿತು. ಒಂದು ದಿನ ಚಾಮರಾಜನಗರದ ಸ್ಟ್ಯಾಂಡಿನಲ್ಲಿ ಇಳಿದವನೇ, “ಮನೇಲಿ ಬೇರೆ ಕಡೆ ಹೆಣ್ಣು ನೋಡವ್ರೆ. ನನ್ನ ಮರ್ತ್‌ಬುಡು” ಅಂದ. ಟೀ ಬೇಡ ಅನ್ನುವಷ್ಟು ಸಲೀಸಾಗಿ ಅಂದ.

ಅವನ ಮುಖ ನೋಡಲಾರದೆ ನಾನು ಮುಂದಿನ ಬಸ್ಸಿಗೆ ಹೋಗತೊಡಗಿದೆ. ಹೆಂಗಸರಿಗೆ ಟಿಕೆಟ್ಟಿಲ್ಲ ಅಂದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲ. ಕಂಬಿ ಹಿಡಿದು ನಿಂತು, ವೇಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೋಗುತ್ತಿದ್ದೆ. ನನ್ನದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ನಾನು ತಲುಪುವ ಹೊತ್ತಿಗೆ ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಕೂತು ಸಿಡಿಮಿಡಿ ಅನ್ನುತ್ತಿರುತ್ತಿದ್ದರು. ಕೊನೆಗೆ ಮಾಲೀಕರು, “ಇನ್ನೊಂದ್ಸಲ ಲೇಟಾದ್ರೆ ಬರೋದೇ ಬೇಡಮ್ಮ” ಎಂದುಬಿಟ್ಟರು.

ವಿಷಯ ಗೊತ್ತಿದ್ದವಳು ಅತ್ತಿಗೆ ಒಬ್ಬಳೇ. ಮುದ್ದೆ ತಿರುವುತ್ತಿದ್ದವಳು ಕೋಲು ಹಿಡಿದುಕೊಂಡೇ ಎದ್ದು ಬಂದಳು.

“ಅಲ್ಲ ಕಣಮ್ಮಿ, ಆ ಬಸ್ಸೇನು ಅವ್ರಪ್ಪನ ಮನೆ ಆಸ್ತಿಯಾ? ಅವ್ನು ಬುಟ್ಟ, ಓಗ್ಲಿ. ತಿನ್ನೋ ಅನ್ನನೂ ಬುಡ್ತೀಯಾ? ನಾಳೆ ಗುಂಡ್ಲುಪೇಟೆಗೇ ಓಗಿ ಅಲ್ಲಿಂದ್ಲೇ ಸೀಟ್ ಇಡ್ಕೊ.”

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋದೆ. ಏಳೂವರೆ ಬಸ್ಸು ಸ್ಟ್ಯಾಂಡಿಗೆ ಬಂದದ್ದೇ ತಡ, ಜನ ಮುಗಿಬಿದ್ದರು. ನಾನು ವೇಲು ಉಂಡೆ ಮಾಡಿ ಕಿಟಕಿಯೊಳಗೆ ಎಸೆದೆ. ನೂಕಾಡಿಕೊಂಡು ಒಳಗೆ ಹೋದರೆ, ನನ್ನ ವೇಲಿನ ಮೇಲೇ ಒಂದು ಕರ್ಚೀಫು ಬಿದ್ದಿದೆ. ಪಕ್ಕದಲ್ಲಿ ಅವನು ನಿಂತಿದ್ದಾನೆ!

ಇಳಿದು ಓಡಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ.

“ಹಿಂದೆ ಎಲ್ಲಾದ್ರೂ ಕೂತ್ಕೊ, ಬುಡು. ಎಲ್ರೂ ನೋಡ್ತಾವ್ರೆ” ಅಂದ, ಮೆಲ್ಲಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ಸು ಬಿಟ್ಟೆ, ಊಟ ಬಿಟ್ಟೆ, ಇನ್ನು ಸೀಟೂ ಬಿಡಬೇಕಂತೆ ಮಹಾರಾಯನಿಗೆ!

“ನೋಡ್ಲಿ. ಮೊದ್ಲು ಬಿದ್ದಿರೋದು ನನ್ ವೇಲು. ಕೆಳಗಿರೋದು ಯಾರ್ದು ಅಂತ ನೀನೇ ನೋಡು” ಅಂದೆ. ಇಡೀ ಬಸ್ಸಿಗೆ ಕೇಳಿಸಿತು.

ಮುಂದಿನ ಸೀಟಿನಿಂದ ಸೊಪ್ಪು ಮಾರುವ ಅಜ್ಜಿಯೊಬ್ಬಳು ಎದ್ದು ನಿಂತು ತೀರ್ಪು ಕೊಟ್ಟಳು. “ಅಡೀಲಿರೋದೇ ಮೊದ್ಲು ಕಣಪ್ಪ. ಎತ್ಕೊ ನಿನ್ ಕರ್ಚೀಪ.”

“ನ್ಯಾಯವಾಗೈತೆ, ಮುಂದಕ್ ನಡೀರಿ” ಅಂದ ಕಂಡಕ್ಟರ್.

ಅವನು ಕರ್ಚೀಫು ಎತ್ತಿಕೊಂಡ. ನಾನು ಕಿಟಕಿ ಪಕ್ಕ ಕೂತೆ. ಅವನು ನನ್ನ ಪಕ್ಕದ ಜಾಗ ನೋಡುವಷ್ಟರಲ್ಲಿ ಅಜ್ಜಿ ಗಂಟುಮೂಟೆ ಸಮೇತ ಬಂದು ಅಲ್ಲಿ ಕೂತಳು. ಅಬ್ಬಾ, ಆ ಖುಷಿಯನ್ನು ಹೇಗೆ ಹೇಳಲಿ! ದಾರಿಯುದ್ದಕ್ಕೂ ಅಜ್ಜಿ ತನ್ನ ಸೊಸೆಯ ಜಗಳ, ಮಗನ ಸೋಮಾರಿತನ ಎಲ್ಲ ಹೇಳಿದಳು. ನಾನೂ ನಡುನಡುವೆ ಬಾಯಿ ಹಾಕಿದೆ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಆಗ ತಟ್ಟನೆ ನೆನಪಾಯಿತು: ಅವನು ಎಲ್ಲಿ ಇಳಿದ, ಯಾವಾಗ ಇಳಿದ, ನಾನು ನೋಡಿರಲೇ ಇಲ್ಲ.