ಗಂಧ ಹಚ್ಚಿದ ಸ್ವಿಚ್ಚು

ಶಾಲಾ ಇನ್‌ಸ್ಪೆಕ್ಟರು ಜೀಪಿನಲ್ಲಿ ಬಂದರು. ಇಲ್ಲ, ಐವತ್ತರ ದಶಕದ ರಾಜಾಜಿನಗರದಲ್ಲಿ ನಮ್ಮ ಶಾಲೆಯವರೆಗೆ ಜೀಪು ಬರುವಂಥ ರಸ್ತೆ ಎಲ್ಲಿತ್ತು? ಸೈಕಲ್ಲೇ ಇರಬೇಕು. ಆ ಜೀಪನ್ನು ನನ್ನ ನೆನಪು ಆಮೇಲೆ ಯಾವಾಗಲೋ ತಂದು ನಿಲ್ಲಿಸಿದೆ. ಉಳಿದದ್ದನ್ನೂ ಅಷ್ಟೇ ನಂಬಿ.

ನಾನು ಹೈಸ್ಕೂಲಿನಲ್ಲಿ ತಾತ್ಕಾಲಿಕ ವಿಜ್ಞಾನದ ಮೇಷ್ಟ್ರು. ಶಾಲೆಗೆ ಕರೆಂಟು ಬಂದಿರಲಿಲ್ಲ. ಇನ್‌ಸ್ಪೆಕ್ಟರ ಎದುರು ಸರ್ಕ್ಯೂಟ್ ಪಾಠ ಚೆನ್ನಾಗಿ ಆದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಹಲಗೆಯ ಮೇಲೆ ಸೆಲ್ಲು, ಸ್ವಿಚ್ಚು, ಟಾರ್ಚಿನ ಬಲ್ಬು ಕೂರಿಸಿ, ಹತ್ತಿಸಿ ನೋಡಿಯೇ ಆಯುಧಪೂಜೆಯ ರಜಕ್ಕೆ ಹೋಗಿದ್ದೆ.

ಬಂದು ನೋಡಿದರೆ ಸೆಲ್ಲಿನ ತುದಿಗಳಿಗೆ, ಸ್ವಿಚ್ಚಿನ ಹಿತ್ತಾಳೆಪಟ್ಟಿಗೆ ದಪ್ಪಗೆ ಗಂಧ. ಒಣಗಿ ಗಾರೆಯಂತಾಗಿತ್ತು. ಬಲ್ಬು ಹತ್ತಲಿಲ್ಲ.

"ನಾನೇ ಹಚ್ಚಿದ್ದು ಕಣ್ರೀ," ಎಂದರು ಹೆಡ್‌ಮೇಷ್ಟ್ರು.

"ಗಂಧದಲ್ಲಿ ಕರೆಂಟು ಹರಿಯಲ್ಲ ಸಾರ್. ಒರೆಸಿಬಿಡ್ತೀನಿ."

"ಒರೆಸ್ತೀರಾ? ಪೂಜೆ ಮಾಡಿದ್ದನ್ನ? ಅದೂ ಇನ್‌ಸ್ಪೆಕ್ಟರು ಬರೋ ದಿನ?"

ಅಷ್ಟರಲ್ಲಿ ಇನ್‌ಸ್ಪೆಕ್ಟರು ಒಳಗೆ ಬಂದರು. ಅವರ ಹಣೆಯಲ್ಲೂ ಗಂಧ. ಹಲಗೆ ನೋಡಿ ಕೈಮುಗಿದರು. ಇನ್ನು ಒರೆಸುವುದೆಲ್ಲಿ ಬಂತು?

ನಾನು ಹುಡುಗರನ್ನು ಎಬ್ಬಿಸಿ, ಕೈಕೈ ಹಿಡಿಸಿ ದುಂಡಗೆ ನಿಲ್ಲಿಸಿದೆ. "ಇವರೆಲ್ಲ ತಂತಿ," ಎಂದೆ. ಹಿಂದಿನ ಬೆಂಚಿನ ಉದ್ದನೆಯ ಹುಡುಗ ಬಲ್ಬು. ಸೆಲ್ಲಿಗೆ ಯಾರೂ ಸಿಗದೆ ಹೆಡ್‌ಮೇಷ್ಟ್ರ ಕೈ ಹಿಡಿದೆಳೆದೆ.

"ನಾನೇನ್ರೀ ಆಗ್ಲಿ?" ಇನ್‌ಸ್ಪೆಕ್ಟರು ಕೋಟು ಬಿಚ್ಚುತ್ತಿದ್ದರು.

"ತಾವು ಸ್ವಿಚ್ಚು ಸಾರ್."

ಅವರು ಪಕ್ಕದವನ ಕೈ ಹಿಡಿದರು. ಹೆಡ್‌ಮೇಷ್ಟ್ರು ಎಡಗಡೆಯವನ ಕೈ ಅದುಮಿದರು, ಅವನು ಮುಂದಿನವನದು. ಅದುಮು ಸುತ್ತಿಬಂದು ಮುಟ್ಟುತ್ತಲೇ ಬಲ್ಬು ಹುಡುಗ ಹಲ್ಲು ಕಿರಿದು ನೆಗೆದ. ಇನ್‌ಸ್ಪೆಕ್ಟರು ಕೈಬಿಟ್ಟರು. ಹುಡುಗ ಕುಕ್ಕರಿಸಿದ. ಹಿಡಿದರು, ನೆಗೆದ. ಬಿಟ್ಟರು, ಕುಕ್ಕರಿಸಿದ. ಅಷ್ಟು ಅಧಿಕಾರವನ್ನು ಅವರು ಇಲಾಖೆಯಲ್ಲೂ ಕಂಡಿರಲಾರರು. ಊಟದ ಗಂಟೆ ಹೊಡೆದರೂ ನಿಲ್ಲಿಸಲಿಲ್ಲ.

"ಸಾಕು ಸಾರ್, ಕೈ ಸೋತೋಯ್ತು," ಹೆಡ್‌ಮೇಷ್ಟ್ರು ಏದುಸಿರು ಬಿಟ್ಟರು.

"ಏನ್ರೀ ಮೇಷ್ಟ್ರೇ, ನಿಮ್ಮ ಸೆಲ್ಲು ವೀಕು!" ಇನ್‌ಸ್ಪೆಕ್ಟರು ನಗುತ್ತ ನನ್ನತ್ತ ತಿರುಗಿದರು. "ನೀವು ಕಾಯಂ ಅಂದ್ಕೊಳ್ಳಿ. ಆದ್ರೆ ಈ ಪಾಠ ಹಿಂಗೇ ಮಾಡ್ಬೇಕು. ಮುಂದಿನ ವರ್ಷವೂ ಬರ್ತೀನಿ, ನಾನೇ ಸ್ವಿಚ್ಚು."

ಆ ಉದ್ದನೆಯ ಹುಡುಗ ನಿಜವಾಗಿ ಗಿಡ್ಡನೇ ಇದ್ದನೇನೋ. ನೆಗೆದು ನೆಗೆದು ನನ್ನ ತಲೆಯಲ್ಲಿ ಉದ್ದವಾಗಿರಬಹುದು. ಆದರೆ ಮರುದಿನ ನಾನು ಒದ್ದೆ ಬಟ್ಟೆ ತಂದು ಹಲಗೆಯ ಗಂಧ ತಿಕ್ಕತೊಡಗಿದಾಗ ಅವನು ಎದ್ದು ಬಂದು ಅಡ್ಡ ನಿಂತದ್ದು ಮಾತ್ರ ಖಂಡಿತ.

"ಅದ್ಯಾಕೆ ಸಾರ್?" ಎಂದ, ಮುಖ ಸಣ್ಣಗೆ ಮಾಡಿಕೊಂಡು. "ನಾನು ಸರಿಯಾಗಿ ಹತ್ತಲಿಲ್ವಾ?"