ಅಳಿಸಿ ತೋರಿಸಿದ ದನಿ

ಡೊಂಬಿವಲಿಯ ವಿಮಲಾಬಾಯಿ ಧಾರವಾಡದ ಕಡೆಯವರು, ಮನೆಯಲ್ಲೇ ಹಾಡು ಹೇಳಿಕೊಡುತ್ತಾರೆ. ತೀರಿಹೋದ ಯಜಮಾನರ ತಬಲಾ ರೆಕಾರ್ಡಿಂಗುಗಳೆಲ್ಲ ಹಳೆಯ ಕಂಪ್ಯೂಟರಿನಲ್ಲಿದ್ದವು. ಅದು ಕೈಕೊಡುವ ಮೊದಲು ಅವನ್ನು ನಮ್ಮ ಕಂಪನಿಯ ಕ್ಲೌಡ್‌ಗೆ ಸೇರಿಸಲು ಹೋಗಿದ್ದೆ.

"ಅವರ ದನಿ ಎಲ್ಲಿಡ್ತೀರಿ?" ಎಂದು ಕೇಳಿದರು.

"ನವಿ ಮುಂಬಯಿಯಲ್ಲಿ ನಮ್ಮ ಡೇಟಾ ಸೆಂಟರ್ ಇದೆ, ಅಮ್ಮ."

"ಒಮ್ಮೆ ಕರಕೊಂಡು ಹೋಗಿ ತೋರಸ್ರಿ."

"ಅಲ್ಲಿ ನನ್ನನ್ನೂ ಒಳಗೆ ಬಿಡುವುದಿಲ್ಲ."

"ನಿಮ್ಮ ಕಂಪನಿನೇ ನಿಮ್ಮನ್ನ ನಂಬೂದಿಲ್ಲ. ನಾ ಹೆಂಗ ನಂಬಲಿ?"

ಎಲ್ಲವನ್ನೂ ಕ್ಲೌಡ್‌ಗೆ ಏರಿಸುವ ಜೊತೆಗೇ ಒಂದು ಪೆನ್‌ಡ್ರೈವ್‌ಗೂ ಹಾಕಿ ಅವರ ಕೈಗಿಟ್ಟೆ.

"ನಮ್ಮನ್ನಷ್ಟೇ ನಂಬಬೇಡಿ, ಇದು ಕಪಾಟಿನಲ್ಲಿರಲಿ. ಈಗ ಕ್ಲೌಡಿನಲ್ಲಿರುವ ಒಂದನ್ನು ಅಳಿಸಿ, ವಾಪಸ್ ತಂದು ತೋರಿಸುತ್ತೇನೆ. ಯಾವುದು ಹೇಳಿ."

ಅವರು ಒಂದರ ಮೇಲೆ ಬೆರಳಿಟ್ಟರು. ಅಳಿಸಿದೆ. ಪರದೆಯಿಂದ ಅದರ ಹೆಸರು ಮಾಯವಾದಾಗ ಅವರು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಅದು ಮರಳಿ ಬರುವವರೆಗೂ ಮುಷ್ಟಿ ಸಡಿಲಿಸಲಿಲ್ಲ.

ಬಂದ ಮೇಲೆ ಅದನ್ನು ಹಾಕಿ ಕೇಳಿಸಿದೆ. ತಬಲಾ ನುಡಿಯಿತು. ನಡುವೆ ಅದು ನಿಂತಿತು; ರೆಕಾರ್ಡಿಂಗಿನೊಳಗಿಂದ ಒಡಕು ಗಂಟಲೊಂದು ಕರೆಯಿತು: "ವಿಮಲಾ, ಒಂದೀಟು ಚಹಾ ಮಾಡು."

ವಿಮಲಾಬಾಯಿ ಎದ್ದು ಅಡುಗೆಮನೆಯ ಬಾಗಿಲವರೆಗೂ ಹೋಗಿಬಿಟ್ಟಿದ್ದರು. ಅಲ್ಲಿ ನಿಂತು, ಆ ಕಡೆ ಮುಖ ಮಾಡಿಯೇ ಮೆಲ್ಲಗೆ ನಕ್ಕರು.

"ಹೂಂ, ಅವರದೇ ದನಿ. ನಿಮ್ಮ ಕಡೆನೂ ಇಟ್ಟುಕೊಳ್ರಿ," ಎಂದರು. ಚಹಾ ಮಾಡಿ ನನಗೆ ಕೊಟ್ಟರು.

ಆಮೇಲಿಂದ ಆಗಾಗ ಫೋನ್ ಮಾಡಿ, "ಮತ್ತೊಂದು ಅಳಿಸಿ ತೋರಸಾಕ ಬರ್ರಿ," ಎಂದು ಕರೆಯುತ್ತಾರೆ. ಹೋಗಿ ಬರುತ್ತೇನೆ. ಆ ಕೆಲಸವನ್ನು ಆಫೀಸಿನಲ್ಲಿ ಕೂತೇ ಮಾಡಬಹುದೆಂದು ಅವರಿಗೆ ಇನ್ನೂ ಹೇಳಿಲ್ಲ.